ಮೊದಲು ತಿಂದವನು

ಮಲಪ್ರಭೆಯ ದಂಡೆಯಲ್ಲೊಂದು ಸಣ್ಣ ಆಶ್ರಮ. ಅಲ್ಲಿಯ ಗುರುಗಳಿಗೆ ಹೆಸರೇನೋ ಇತ್ತು, ಆದರೆ ಎಲ್ಲರೂ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು.

ಅವರ ಶಿಷ್ಯರಲ್ಲಿ ಕಲ್ಮೇಶ ಒಬ್ಬ. ಧ್ಯಾನಕ್ಕೆ ಕೂತರೆ ತೂಕಡಿಸುತ್ತಿದ್ದ. ಒಲೆಯ ಮುಂದೆ ನಿಂತರೆ ಮಾತ್ರ ಅವನನ್ನು ಹಿಡಿಯುವವರಿರಲಿಲ್ಲ. ಗೋವಾದ ದೊಡ್ಡ ಹೋಟೆಲೊಂದರಲ್ಲಿ ವರ್ಷಗಟ್ಟಲೆ ದುಡಿದು, ಬೇಸತ್ತು ಬಂದವನು. ಎಲ್ಲ ಬಿಟ್ಟು ಬಂದೀನಿ ಎಂದು ಕಂಡವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಸೌಟಿನ ಸೊಕ್ಕೊಂದು ಗಂಟಿನಲ್ಲೇ ಉಳಿದುಬಿಟ್ಟಿತ್ತು, ಅದು ಅವನಿಗೆ ಗೊತ್ತಿರಲಿಲ್ಲ.

ಅದೇ ಆಶ್ರಮದಲ್ಲಿ ನಿದಿಯಾ ಎಂಬ ಹೆಣ್ಣುಮಗಳಿದ್ದಳು. ಮೆಕ್ಸಿಕೋ ದೇಶದವಳು, ನಡುವಯಸ್ಸಿನವಳು. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಇರಲಾರದೆ ಹೊರಟು, ಎಲ್ಲೆಲ್ಲೋ ಸುತ್ತಿ, ಕೊನೆಗೆ ಇಲ್ಲಿ ನಿಂತಿದ್ದಳು. ವರ್ಷದ ಮೇಲಾಗಿತ್ತು. ಕಾಯಿಪಲ್ಲೆ ಹೆಚ್ಚುವವರ ಜೊತೆ ಕೂತು ಕೂತೇ ಕನ್ನಡ ಕಲಿತಿದ್ದಳು.

ಅವಳು ನಾಲ್ಕು ಮಾತು ಕಲಿತದ್ದೇ ತಡ, ಕಲ್ಮೇಶ ತನ್ನ ಹೆಚ್ಚುಗಾರಿಕೆ ತೋರಿಸಿದ್ದ.

"ಅಕ್ಕಾರ, ನಿಮ್ಮ ದೇಶದ ಅಡಿಗಿ ನನಗ ಪೂರಾ ಗೊತ್ತೈತ್ರಿ. ಹೋಟೆಲ್‌ನ್ಯಾಗ ದಿನಾ ಮಾಡ್ತಿದ್ದೆ. ಮೈದಾ ರೊಟ್ಟಿ, ರಾಜ್ಮಾ, ಚೀಸ್, ಜೀರಿಗಿ. ಮ್ಯಾಲೆ ಕಣ್ಣಾಗ ನೀರು ಬರೂವಷ್ಟು ಖಾರ."

ನಿದಿಯಾ ನಕ್ಕಳು.

"ಅದು ಉತ್ತರದ ಕಡೆದು ಅಣ್ಣಾ. ಅದೂ ಗಡಿ ದಾಟಿ, ಅಮೆರಿಕಾಕ್ಕ ಹೋಗಿ, ವೇಷ ಬದಲಿಸಿ ಬಂದದ್ದು. ಉತ್ತರದಾಗ ಗೋಧಿ ಐತಿ, ದನ ಅದಾವ. ನಮ್ಮ ಯುಕಾಟಾನ್ ಇನ್ನೊಂದು ತುದಿ. ಅಲ್ಲೆ ಗೋವಿನಜೋಳದ ರೊಟ್ಟಿ, ಕುಂಬಳ ಬೀಜ, ಹುಳಿ ಕಿತ್ತಳಿ. ನಡುವಿನ ಊರಾಗ ಒಂದ ಸಾರಿಗೆ ಏನೇನೋ ಹುರಿದು, ದಿನಾಪೂರ್ತಿ ಅರೀತಾರ. ನಮ್ಮಲ್ಲೆ ಹಂಗಿಲ್ಲ. ಖಾರನೂ ಗಡಿಗ್ಯಾಗ ಹಾಕೂದಿಲ್ಲ. ಬಾಜೂಕ ಇಡ್ತೀವಿ. ಬೇಕಾದವರು ಹಚ್ಚಿಕೊಂಡು ತಿಂತಾರ."

"ಖಾರ ಇಲ್ಲದ ಮೆಕ್ಸಿಕೋ ಎಂಥಾ ಮೆಕ್ಸಿಕೋರಿ ಅಕ್ಕಾರ?"

"ನೀವು ರೊಟ್ಟಿ ತಿಂತೀರಿ. ಮೈಸೂರ ಕಡೆ ಮುದ್ದಿ ತಿಂತಾರ. ಯಾವುದು ಖರೇ ಕರ್ನಾಟಕ?"

ಉತ್ತರ ಹೊಳೆಯದವರು ಮಾಡುವಂತೆ ಕಲ್ಮೇಶನೂ ಒಂದು ನಗೆ ನಕ್ಕು ಒಲೆಯ ಕಡೆ ತಿರುಗಿದ. ಪಾಪ, ಈಕೆಗೆ ತನ್ನ ದೇಶದ ಅಡುಗೆಯೇ ಸರಿಯಾಗಿ ತಿಳಿಯದು ಎಂದುಕೊಂಡ.

ದೀಪಾವಳಿ ಕಳೆದ ಮೇಲೆ ನಿದಿಯಾಳ ಕಡೆಯ ಹಿರಿಯರ ದಿನ ಬಂತು. ನಾವು ಹಿರಿಯರಿಗೆ ಎಡೆ ಇಡುವಂತೆ ಅವರೂ ಇಡುತ್ತಾರಂತೆ. ತೀರಿಕೊಂಡವರು ವರ್ಷಕ್ಕೊಮ್ಮೆ ಅಂದು ಬಂದು, ತಮಗೆ ಸೇರುವ ಅಡುಗೆಯನ್ನು ಉಂಡು ಹೋಗುತ್ತಾರೆಂಬ ನಂಬಿಕೆ.

ಮರುದಿನ ಸಂಜೆಯೇ ಅವಳು ಊರಿಗೆ ಹೊರಡುವವಳಿದ್ದಳು. ಅದಕ್ಕೆ ಅಜ್ಜಾರ ಬಳಿ ಬಂದು ಕೈಮುಗಿದಳು.

"ಅವ್ವನ ಎಡಿ ಇಲ್ಲೇ ಇಡ್ತೀನಿ ಅಜ್ಜಾರ. ನಾನ ಮಾಡ್ತೀನಿ. ಎಲ್ಲಾರಿಗೂ ಬಡಸ್ತೀನಿ."

"ಮಾಡವ್ವಾ" ಅಂದರು ಅಜ್ಜಾರು. "ಒಲಿ ನಿಂದು ಇವತ್ತು."

ಒಲೆ ಕೈಬಿಟ್ಟಿದ್ದು ಕಲ್ಮೇಶನಿಗೆ ಅಷ್ಟಾಗಿ ಹಿಡಿಸಲಿಲ್ಲ. ಆದರೂ ಕಟ್ಟಿಗೆ ತಂದುಕೊಟ್ಟು, ಗೋಡೆಗೆ ಒರಗಿ ನೋಡುತ್ತ ನಿಂತ.

ಅವಳು ಗೋವಿನಜೋಳವನ್ನು ಹಿಂದಿನ ದಿನವೇ ಸುಣ್ಣದ ತಿಳಿಯಲ್ಲಿ ಕುದಿಸಿ ನೆನೆಹಾಕಿದ್ದಳು. ತೊಳೆದು, ರುಬ್ಬಿ, ಬಾಳೆಲೆಯ ಮೇಲೆ ತಟ್ಟಿ ರೊಟ್ಟಿ ಮಾಡಿದಳು. ಬಿಳಿ ಡಬಲ್ ಬೀನ್ಸ್ ಬೇಯಿಸಿ ಬಸಿದಳು. ಊರು ಬಿಡುವಾಗ ಜೊತೆಗೆ ತಂದಿಟ್ಟುಕೊಂಡಿದ್ದ ಕುಂಬಳ ಬೀಜವನ್ನು ಹದವಾಗಿ ಹುರಿದು ಪುಡಿ ಮಾಡಿ, ಈರುಳ್ಳಿ ಸೊಪ್ಪು, ಉಪ್ಪು ಸೇರಿಸಿ ಕಾಳಿನ ಮೇಲೆ ಹಾಕಿದಳು.

ಆಮೇಲೆ ಮಾಡಿದ್ದನ್ನು ಕಲ್ಮೇಶ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕೆಂಡದೊಳಗೆ ಕೆಂಪಗೆ ಕಾದಿದ್ದ ಕಲ್ಲುಗಳನ್ನು ಇಕ್ಕಳದಿಂದ ಎತ್ತಿ ಒಂದೊಂದಾಗಿ ಗಡಿಗೆಗೆ ಬಿಟ್ಟಳು. ಚುಂಯ್ ಎಂದು ಹೊಗೆ ಎದ್ದಿತು. ಬೇಗಬೇಗ ತಿರುವಿ, ಬಾಯಿ ಮುಚ್ಚಿದಳು.

"ಇನ್ನ ಕಲ್ಲು ಅಡಿಗಿ ಮಾಡ್ತಾವ" ಎಂದು ನಕ್ಕು, ಸ್ನಾನ ಮಾಡಿ ಬರಲು ಹೊಳೆಗೆ ಹೋದಳು.

ಅಡುಗೆಮನೆಯಲ್ಲಿ ಕಲ್ಮೇಶ ಒಬ್ಬನೇ ಉಳಿದ.

ಎಡೆಗಿಂತ ಮೊದಲು ಬಾಯಿಗೆ ಹಾಕಬಾರದು ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಮುಚ್ಚಳ ಸರಿಸಿದ. ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ನಾಲಿಗೆಗೆ ಇಟ್ಟ.

ಹುಳಿಯಿಲ್ಲ, ಖಾರವಿಲ್ಲ, ಒಗ್ಗರಣೆಯಿಲ್ಲ. ಆಶ್ರಮದವರೆಲ್ಲ ಇದನ್ನು ಉಣ್ಣಬೇಕು. ಉಂಡು ಮುಖ ಸಿಂಡರಿಸಿದರೆ ಈ ಹೆಣ್ಣುಮಗಳ ಮರ್ಯಾದೆ ಏನಾದೀತು? ಹೀಗೆ ತನ್ನ ಸೊಕ್ಕಿಗೆ ದಯೆಯ ಅಂಗಿ ತೊಡಿಸಿ, ಅವನು ಡಬ್ಬಿಗಳಿಗೆ ಕೈಹಾಕಿದ. ಶೇಂಗಾ ಪುಡಿ ಹಾಕಿದ. ಹುರಿದ ಜೀರಿಗೆ ಪುಡಿ ಹಾಕಿದ. ಲಿಂಬೆ ಹಿಂಡಿ, ಒಂದು ಚೂರು ಬೆಲ್ಲ ಕರಗಿಸಿ, ಕಲ್ಲುಗಳ ಸಂದಿನಲ್ಲಿ ಚೆನ್ನಾಗಿ ಕಲಸಿ, ಮುಚ್ಚಳವನ್ನು ಇದ್ದಂತೆ ಇಟ್ಟ.

ಊಟಕ್ಕೆ ಎಲ್ಲರೂ ಕೂತರು. ಮೊದಲ ತುತ್ತಿಗೇ ಅಜ್ಜಾರು ತಲೆದೂಗಿದರು.

"ಭಾಳ ಚಲೋ ಆಗೈತವ್ವಾ" ಅಂದರು.

ಪಂಕ್ತಿಯಲ್ಲಿದ್ದವರೂ ಹೌದೌದು ಅಂದರು. ಬಡಿಸುತ್ತಿದ್ದ ಕಲ್ಮೇಶ ಒಳಗೊಳಗೇ ಹಿಗ್ಗಿದ.

ನಿದಿಯಾ ತಾಯಿಯ ಫೋಟೋದ ಮುಂದೆ ಎಡೆ ಇಟ್ಟು, ಪಕ್ಕದಲ್ಲಿ ಕೂತಿದ್ದಳು. ರೊಟ್ಟಿ ಮುರಿದು ಒಂದು ತುತ್ತು ಬಾಯಿಗಿಟ್ಟಳು. ಅಗಿಯುವುದನ್ನು ನಿಲ್ಲಿಸಿದಳು. ಇನ್ನೊಂದು ತುತ್ತು ತೆಗೆದುಕೊಂಡಳು. ಫೋಟೋದ ಕಡೆ ನೋಡಿದಳು. ಆಮೇಲೆ ಎಲೆ ಮಡಿಸಿ ಎದ್ದಳು.

ಸಂಜೆಯ ಹೊತ್ತಿಗೆ ಗಡಿಗೆ ತೊಳೆಯುತ್ತಿದ್ದವಳ ಬಳಿಗೆ ಕಲ್ಮೇಶ ಹೋದ. ಹೊಗಳಿಕೆಯ ಪಾಲು ಸಿಗಲಿಲ್ಲವಲ್ಲ, ಅಲ್ಲೇ ಸುಳಿದಾಡಬೇಕು ಅನ್ನಿಸಿತ್ತು.

"ಎಲ್ಲಾರೂ ಭಾಳ ಚಲೋ ಐತಿ ಅಂದ್ರಲ್ರೀ ಅಕ್ಕಾರ."

"ಹೌದಣ್ಣಾ. ಚಲೋ ಇತ್ತು." ನಿದಿಯಾ ತಲೆ ಎತ್ತಲಿಲ್ಲ. "ಆದ್ರ ಅದು ಅವ್ವಂದಲ್ಲ."

ಕಲ್ಮೇಶನ ನಗು ಅಲ್ಲೇ ನಿಂತಿತು.

"ಎಲ್ಲಾ ಆಕಿ ಮಾಡಿದಂಗ ಮಾಡಿದೆ. ಬೀಜ ಹೆಚ್ಚು ಹುರಿದೆನೋ ಏನೋ. ಇಲ್ಲಿ ಕಾಳು ಬ್ಯಾರೆ ಏನೋ." ಗಡಿಗೆಯ ಒಳಗೆ ಕೈ ಆಡಿಸುತ್ತ ಹೇಳಿದಳು. "ಇಲ್ಲ ಅಣ್ಣಾ. ಕಾಳಿನ ತಪ್ಪಲ್ಲ. ನನ್ನ ಕೈಗೆ ಮರೆತುಹೋಗೈತಿ. ಅವ್ವನ ದನಿ ಮೊದಲ ಮರೆತೆ. ಎಷ್ಟು ನೆನಸಿದ್ರೂ ಕಿವಿಗೆ ಬರೂದಿಲ್ಲ. ಈ ರುಚಿ ಒಂದು ನನ್ನ ಹಂತ್ಯಾಕ ಐತಿ ಅನ್ಕೊಂಡಿದ್ದೆ."

ಕಣ್ಣೊರೆಸಿಕೊಂಡು ಎದ್ದಳು. ಉಳಿದ ಕುಂಬಳ ಬೀಜದ ಸಣ್ಣ ಚೀಲವನ್ನು ಅವನ ಕೈಗೆ ಕೊಟ್ಟಳು.

"ನೀವ ಇಟ್ಕೊಳ್ರಿ. ನಾ ಇನ್ನ ಇದನ್ನ ಮಾಡೂದಿಲ್ಲ."

ಹೇಳಬೇಕಾಗಿದ್ದನ್ನು ಹೇಳದೆ ಕಲ್ಮೇಶ ಚೀಲದ ಬಾಯಿ ಬಿಗಿದು ಕಟ್ಟಿದ. ಅವಳು ಹೋದಳು.

ಅವನಿಗೆ ಆಗ ನೆನಪಾಯಿತು. ಗೋವಾದ ಹೋಟೆಲಿನಲ್ಲಿ ಒಮ್ಮೆ ಕೆಲಸದವರ ಊಟಕ್ಕೆಂದು ಊರಿನ ಕಡಲೆಹಿಟ್ಟಿನ ಝುಣಕ ಮಾಡಿದ್ದ. ದೊಡ್ಡ ಅಡುಗೆಯವನು ಬಂದು ನೋಡಿ, ಇದೂ ಒಂದು ಅಡುಗೆಯೇ ಎಂದು, ಅದರ ಮೇಲೆ ಕೊಬ್ಬರಿ ಸಕ್ಕರೆ ಸುರಿದು ಕಲಸಿಬಿಟ್ಟಿದ್ದ. ಎಲ್ಲರೂ ಚಪ್ಪರಿಸಿ ತಿಂದರು. ಕಲ್ಮೇಶ ಹಿತ್ತಿಲಿಗೆ ಹೋಗಿ ಅತ್ತಿದ್ದ. ಆ ಮನುಷ್ಯನ ಮುಖವನ್ನು ಮತ್ತೆ ನೋಡಬಾರದು ಎಂದುಕೊಂಡು ಕೆಲಸ ಬಿಟ್ಟಿದ್ದ. ಇಂದು ಬೆಳಗ್ಗೆ ಅದೇ ಮುಖವನ್ನು ತಾನು ಹೊತ್ತುಕೊಂಡು ತಿರುಗಿದ್ದ. ನೆನೆದರೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಕಲ್ಮೇಶ ದೂರದಲ್ಲೇ ನಿಂತ.

"ಅಜ್ಜಾರ, ನಾಳಿಂದ ಉಪಾಸ ಮಾಡ್ತೀನ್ರಿ."

"ಯಾಕಪಾ?"

"ತಪ್ಪು ಮಾಡೀನ್ರಿ."

"ಏನ್ ಮಾಡಿ?"

ಕಲ್ಮೇಶ ಹೇಳಿದ. ಮುಚ್ಚಳ ತೆಗೆದದ್ದು, ತಿಂದದ್ದು, ಹಾಕಿದ್ದು, ಕಲಸಿದ್ದು. ನಿದಿಯಾ ಅತ್ತದ್ದನ್ನೂ ಹೇಳಿದ. ಅಜ್ಜಾರು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಶೇಂಗಾ ಹಾಕಿದಿ, ಜೀರಿಗಿ ಹಾಕಿದಿ, ಹುಳಿ ಹಿಂಡಿದಿ. ಖಾರ ಯಾಕ ಹಾಕಲಿಲ್ಲ?"

ಕಲ್ಮೇಶ ಕಾಲಬೆರಳು ನೋಡಿಕೊಂಡ.

"ಬಣ್ಣದಿಂದ ಆಕಿಗೆ ತಿಳೀತಿತ್ತರಿ" ಅಂದ.

ಅಜ್ಜಾರು ಹೊಸೆದ ಬತ್ತಿಯನ್ನು ನೇರ ಮಾಡಿದರು. ಅವರು ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಹಾಕುವಾಗಲೇ ಅದು ತಪ್ಪೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದ್ದ. ದಯೆಯ ಅಂಗಿ ಹರಿದು ಅವನು ಅಲ್ಲಿ ಬೆತ್ತಲೆ ನಿಂತಂತಾಯಿತು.

"ಉಪಾಸ ಮಾಡು" ಅಂದರು ಅಜ್ಜಾರು. "ನಿನ್ನ ಹೊಟ್ಟಿ ಖಾಲಿ ಆಗತೈತಿ. ಅದರಿಂದ ಆಕಿಗೆ ಏನ್ ತುಂಬತೈತಿ?"

"ಹಂಗಾರ ನೀವ ಆಕಿಗೆ ಹೇಳ್ರಿ ಅಜ್ಜಾರ. ನಿಮ್ಮ ಕೈಯಾಗ ರುಚಿ ಹೋಗಿಲ್ಲವ್ವಾ ಅಂತ ಹೇಳ್ರಿ. ನನಗ ಮುಖ ತೋರ್ಸಾಕ ಆಗವಲ್ದು."

"ನಾ ಹೆಂಗ ಹೇಳ್ಲಿ? ನಾ ತಿಂದದ್ದು ನಿನ್ನ ಅಡಿಗಿ. ನಿನ್ನ ಅಡಿಗಿನ ಹೊಗಳಿ ಆಕಿನ್ನ ಅಳಿಸಿದಾವರಾಗ ನಾನೂ ಒಬ್ಬಾಂವ. ಆಕಿದನ್ನ ನಾ ತಿಂದ ಇಲ್ಲ."

ಒಂದು ಬತ್ತಿ ಮುಗಿಸಿ ಪಕ್ಕಕ್ಕಿಟ್ಟರು.

"ಪಂಕ್ತಿಯಾಗ ಯಾರೂ ತಿಂದಿಲ್ಲ. ಮಾಡಿದಾಕಿನೂ ತಿಂದಿಲ್ಲ. ಎಡಿ ಉಣ್ಣಾಕ ಬಂದಾಕಿನೂ ತಿಂದಿಲ್ಲ. ತಿಂದಾಂವ ನೀ ಒಬ್ಬನ. ಹೇಳು, ಹೆಂಗಿತ್ತು?"

ಕಲ್ಮೇಶ ಬಾಯಿ ತೆರೆದ. "ಸಪ್ಪಗಿತ್ತರಿ."

"ಅದು ಗೋವಾದ ಹೋಟೆಲ್ ಹೇಳಿದ್ದು. ನಿನ್ನ ನಾಲಿಗಿ ಏನ್ ಹೇಳ್ತು?"

ನಾಲಿಗೆ ಏನಾದರೂ ಹೇಳುವ ಮುಂಚೆಯೇ ಕೈ ಡಬ್ಬಿಗೆ ಹೋಗಿತ್ತು.

"ಗೊತ್ತಿಲ್ರಿ ಅಜ್ಜಾರ."

"ಗೊತ್ತಾದ್ರ ನನ್ನ ಹಂತ್ಯಾಕ ಬರಬ್ಯಾಡ. ಆಕಿ ನಾಳೆ ಹೊಂಟಾಳ" ಅಂದು ಅಜ್ಜಾರು ಇನ್ನೊಂದು ಬತ್ತಿಗೆ ಅರಳೆ ತೆಗೆದುಕೊಂಡರು.

ಕಲ್ಮೇಶ ಅಡುಗೆಮನೆಗೆ ಬಂದು ತಣ್ಣಗಾದ ಒಲೆಯ ಮುಂದೆ ಕುಕ್ಕರಿಸಿದ. ಗಡಿಗೆ ತೊಳೆದಾಗಿತ್ತು. ಒಂದು ಕಾಳೂ ಉಳಿದಿರಲಿಲ್ಲ. ಕಣ್ಣು ಮುಚ್ಚಿ ನೆನಸಿದರೆ ಬರೀ ಶೇಂಗಾ, ಬರೀ ಜೀರಿಗೆ. ತಾನು ಸುರಿದದ್ದೇ ಬಾಯಿಗೆ ಬರುತ್ತಿತ್ತು.

ಒಲೆಯ ಬದಿಗೆ ಆ ಕಲ್ಲುಗಳನ್ನು ಒರೆಸಿ ಇಟ್ಟಿದ್ದಳು. ಒಂದನ್ನು ಎತ್ತಿ ಮೂಗಿಗೆ ಹಿಡಿದ. ಇನ್ನೊಂದನ್ನು ಹಿಡಿದ. ಬಿರುಕಿದ್ದ ಒಂದು ಕಲ್ಲಿನೊಳಗೆ ಸುಟ್ಟ ಬೀಜದ ವಾಸನೆ ಸ್ವಲ್ಪ ಉಳಿದಿತ್ತು.

ಅದರ ಬೆನ್ನಿಗೇ ಉಳಿದ ರುಚಿಯೂ ನೆನಪಿಗೆ ಬಂತು. ನಿಧಾನವಾಗಿ, ಅವನು ಬೆಳಗ್ಗೆ ಕೊಡದಿದ್ದ ಹೊತ್ತನ್ನೆಲ್ಲ ಈಗ ತೆಗೆದುಕೊಂಡು ಬಂತು. ಅವನು ಕಲ್ಲನ್ನು ಕೆಳಗಿಡಲಿಲ್ಲ.

ಅದರ ಜೊತೆಗೆ ಇನ್ನೊಂದೂ ನೆನಪಾಯಿತು. ಬೆರಳನ್ನು ಬಾಯಿಗಿಟ್ಟ ಆ ಕ್ಷಣದಲ್ಲಿ ಅವನ ನಾಲಿಗೆಗೆ ಅದು ಹಿಡಿಸಿತ್ತು. ನಿಜವಾಗಿ ಹಿಡಿಸಿತ್ತು. ಹಿಡಿಸಿದ್ದನ್ನು ಅವನು ಕೇಳಿಸಿಕೊಂಡಿರಲಿಲ್ಲ, ಅಷ್ಟೇ. ಕಲ್ಮೇಶ ಮೊಣಕಾಲಲ್ಲಿ ಮುಖ ಹುದುಗಿಸಿದ.

ಬೆಳಗಾಯಿತು. ನಿದಿಯಾ ತನ್ನ ಕೋಣೆಯ ಮುಂದಿನ ಅಂಗಳ ಗುಡಿಸುತ್ತಿದ್ದಳು. ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು.

"ಅಕ್ಕಾರ" ಅಂದ ಕಲ್ಮೇಶ. "ನಿಮ್ಮ ಕೈ ಏನೂ ಮರೆತಿಲ್ರಿ. ಕೆಡಿಸಿದಾಂವ ನಾನು. ನೀವು ಹೊಳಿಗೆ ಹೋದಾಗ ಗಡಿಗಿ ತಗದು ನಾನ ಶೇಂಗಾ ಹಾಕೀನಿ, ಜೀರಿಗಿ ಹಾಕೀನಿ, ಲಿಂಬಿ, ಬೆಲ್ಲ..."

ಕಸಬರಿಗೆ ನಿಂತಿತು.

"ಸುಳ್ಳು ಹೇಳಬ್ಯಾಡ ಅಣ್ಣಾ. ನಾ ಅತ್ತೆ ಅಂತ ಹೇಳ್ತಿ."

"ಸುಳ್ಳಲ್ರಿ. ಹಾಕೂಕಿಂತ ಮುಂಚೆ ಒಂದು ಬೆರಳು ತಿಂದೀನ್ರಿ."

ಅವಳು ಅವನನ್ನೇ ನೋಡಿದಳು.

"ತಿಂದಿ? ಹೆಂಗಿತ್ತು?"

ಕಲ್ಮೇಶ ಕಣ್ಣು ಮುಚ್ಚಿಕೊಂಡ. ಅವಳ ಮುಖ ನೋಡುತ್ತ ಹೇಳುವುದು ಅವನಿಂದ ಆಗುತ್ತಿರಲಿಲ್ಲ.

"ಮೊದಲ ಬೀಜದ ವಾಸನಿ ಬಂತ್ರಿ. ಎಳ್ಳಿನಂಗ, ಆದ್ರ ಎಳ್ಳಲ್ಲ, ಅದಕ್ಕಿಂತ ಮೆತ್ತಗ. ಆಮ್ಯಾಲೆ ಉಪ್ಪು. ಆಮ್ಯಾಲೆ ಕಾಳು ನಾಲಿಗಿ ಮ್ಯಾಲೆ ತಾನ ಒಡೆದು ಹಿಟ್ಟಾತು. ಉಳ್ಳಾಗಡ್ಡಿ ಸೊಪ್ಪು ಹಸಿ ಅಲ್ಲ, ಬೆಂದಿದ್ದೂ ಅಲ್ಲ. ಎಲ್ಲಾ ಮುಗಿದ ಮ್ಯಾಲೆ, ಕಡೀಕ, ಸ್ವಲ್ಪ ಹೊಗಿ. ಸುಟ್ಟ ಕಲ್ಲು ನೆಕ್ಕಿದಂಗ."

ಕಣ್ಣು ತೆರೆದಾಗ ನಿದಿಯಾ ಅಂಗಳದಲ್ಲಿ ಕೂತುಬಿಟ್ಟಿದ್ದಳು.

"ಇನ್ನೊಮ್ಮೆ ಹೇಳು."

ಅವನು ಇನ್ನೊಮ್ಮೆ ಹೇಳಿದ.

"ಹೊಗಿ ಕಡೀಕ ಬಂತು?"

"ಕಡೀಕ ಬಂತ್ರಿ."

"ಹೌದು" ಅಂದಳು ನಿದಿಯಾ. ಎರಡೂ ಕೈ ಬಾಯಿಗೆ ಒತ್ತಿಕೊಂಡಳು. "ಹೌದು. ಅದ. ಅವ್ವಂದು ಅದ."

ಆಮೇಲೆ ಅವಳ ಮುಖ ಬಿಗಿಯಿತು. ಎದ್ದು ನಿಂತಳು.

"ಆಕಿ ವರ್ಷಕ್ಕೊಮ್ಮೆ ಬರ್ತಾಳ. ಅಷ್ಟು ದೂರದಿಂದ ಬರ್ತಾಳ. ಆಕಿಗಿಂತ ಮೊದಲ ನೀ ತಿಂದಿ."

"ಹೌದ್ರಿ."

"ನೀ ತಿಂದಿ. ಆಕಿ ಹಂಗ ಹೋದಳು."

"ಹೌದ್ರಿ ಅಕ್ಕಾರ."

ಕ್ಷಮಿಸಿ ಎನ್ನುವ ಮಾತನ್ನು ರಾತ್ರಿಯೆಲ್ಲ ಹೊಂದಿಸಿಟ್ಟುಕೊಂಡು ಬಂದಿದ್ದ. ಈಗ ಅದನ್ನು ಆಡುವುದಕ್ಕೂ ನಾಚಿಕೆಯಾಯಿತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ಅಂಗಳದಲ್ಲೇ ನಿಂತ. ಹೋಗುವವರು ಬರುವವರು ನೋಡಿ, ಏನಪಾ ಕಲ್ಮೇಶ ಎಂದು ಕೇಳಿದರು. ಎಲ್ಲರಿಗೂ ಇದ್ದದ್ದನ್ನು ಇದ್ದಂತೆ ಹೇಳಿದ. ಹೇಳಿದಷ್ಟು ಸಲವೂ ಅದು ಅಷ್ಟೇ ಸುಟ್ಟಿತು.

ಬಿಸಿಲು ಏರಿದ ಮೇಲೆ ಬಾಗಿಲು ತೆರೆಯಿತು.

"ಬೀಜ ಎಲ್ಲೆ ಅದಾವ?" ಅಂದಳು ನಿದಿಯಾ.

ಅವನು ಓಡಿಹೋಗಿ ತಂದ.

ಉಳಿದಿದ್ದ ಬೀಜಕ್ಕೆ ಒಂದು ಸಣ್ಣ ಗಡಿಗೆಯಷ್ಟೇ ಆಯಿತು. ಕಲ್ಮೇಶ ಕಟ್ಟಿಗೆ ಕೊಟ್ಟ, ಕಲ್ಲು ಕಾಯಿಸಿದ. ಅವಳು ಕಾಳು ಬೇಯಿಸಿ, ಬೀಜ ಹುರಿದು ಪುಡಿ ಮಾಡಿ ಹಾಕಿದಳು. ಕಲ್ಲುಗಳನ್ನು ಬಿಟ್ಟು, ತಿರುವಿ, ಮುಚ್ಚಳ ಮುಚ್ಚಿದಳು. ಸೀರೆ, ಟವೆಲ್ಲು ಹೆಗಲಿಗೆ ಹಾಕಿಕೊಂಡಳು.

"ಹೊಳಿಗೆ ಹೋಗ್ತೀನಿ. ಗಡಿಗಿ ನೋಡ್ಕೋ."

ಕಲ್ಮೇಶ ಗಾಬರಿಯಾದ. "ಅಕ್ಕಾರ, ಬ್ಯಾಡ್ರಿ, ಬ್ಯಾರೆ ಯಾರನ್ನರ..."

"ನೀನ ನೋಡ್ಕೋ" ಎಂದು ಅವಳು ಹೊರಟೇಹೋದಳು.

ಗಡಿಗೆಯಿಂದ ಬೀಜದ ವಾಸನೆ ಬರುತ್ತಿತ್ತು. ಕಲ್ಮೇಶ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತ. ಅವಳು ಬರುವತನಕ ಹಾಗೇ ಕೂತಿದ್ದ. ಯಾರೂ ನೋಡದಿರುವಾಗ ಹಾಗೆ ಕೈ ತಡೆದು ಕೂತದ್ದು ಅವನ ಜೀವಮಾನದಲ್ಲಿ ಅದೇ ಮೊದಲು.

ದಿನ ತಪ್ಪಿತ್ತು. ಆದರೂ ಎಡೆ ಇಟ್ಟಳು. ಫೋಟೋದ ಮುಂದೆ ಕೂತು ತನ್ನ ಭಾಷೆಯಲ್ಲಿ ಏನನ್ನೋ ಬಹಳ ಹೊತ್ತು ಹೇಳಿದಳು. ನಡುವೆ ಒಮ್ಮೆ ಕಲ್ಮೇಶನ ಹೆಸರು ಕೇಳಿಸಿತು. ಅವನು ಇನ್ನಷ್ಟು ತಲೆ ತಗ್ಗಿಸಿದ.

ಆಮೇಲೆ ಅವಳು ಒಂದು ತುತ್ತು ತೆಗೆದುಕೊಂಡಳು. ಅಗಿದಳು. ಅಳುತ್ತಲೇ ಪೂರ್ತಿ ಉಂಡಳು.

ಅಜ್ಜಾರಿಗೆ ಬಡಿಸುವಂತೆ ಕಲ್ಮೇಶನಿಗೆ ಸನ್ನೆ ಮಾಡಿದಳು. ಅವನು ಎಲೆಗೆ ಒಂದು ಸೌಟು ಬಡಿಸಿ, ಪಕ್ಕದಲ್ಲಿ ಸಣ್ಣ ಬಟ್ಟಲಲ್ಲಿ ಖಾರ ಇಟ್ಟು, ಕೈಕಟ್ಟಿ ನಿಂತ. ಅಜ್ಜಾರು ಹುಟ್ಟಾ ಖಾರದವರು. ಮೆಣಸಿನಕಾಯಿ ಕಡಿಯದೆ ತುತ್ತು ಇಳಿಯದ ಮನುಷ್ಯ.

ಅಜ್ಜಾರು ಖಾರದ ಬಟ್ಟಲು ಮುಟ್ಟಲಿಲ್ಲ. ಒಂದೊಂದೇ ತುತ್ತು ನಿಧಾನವಾಗಿ ಅಗಿದು, ಎಲೆ ಖಾಲಿ ಮಾಡಿದರು.

"ಹೆಂಗೈತ್ರಿ ಅಜ್ಜಾರ?" ಕಲ್ಮೇಶ ಹೆದರುತ್ತ ಕೇಳಿದ.

"ಸಪ್ಪಗೈತಿ" ಅಂದರು ಅಜ್ಜಾರು. "ಇನ್ನೊಂದೀಟು ನೀಡು."